ಗುಂಡನ ಬನ್ನು

ಕೊನೆಯ ತುಂಡು ಗಂಟಲಿಗಿಳಿದ ಮೇಲೆ, ತಾನು ತಿಂದದ್ದು ತನ್ನ ಬನ್ನಲ್ಲ ಎಂದು ನಾಯಿಮಾಮನಿಗೆ ಹೊಳೆಯಿತು. ಹೆಂಡತಿ ಕಟ್ಟಿಕೊಟ್ಟದ್ದು ಎಳ್ಳು ಉದುರಿಸಿದ ಬನ್ನು. ಕಾವಲುಗಾರನ ಜೊತೆ ಹರಟುತ್ತಾ ಅದನ್ನು ತಾನೇ ಗೂಡಿನೊಳಗೆ ಹಾಕಿಬಿಟ್ಟಿದ್ದ. ಗುಂಡ ಎಂಬ ನಾಯಿ ಈಗ ಅಲ್ಲಿ ಮೂತಿ ನೆಕ್ಕಿಕೊಳ್ಳುತ್ತಿತ್ತು. ಅದಕ್ಕೆಂದು ಹೊಸ ಜಂತುಹುಳದ ಮಾತ್ರೆ ಹುದುಗಿಸಿಟ್ಟಿದ್ದ ಬನ್ನು ನಾಯಿಮಾಮನ ಹೊಟ್ಟೆ ಸೇರಿತ್ತು.

ಔಷಧ ಪರೀಕ್ಷಾ ಕೇಂದ್ರವೊಂದರಲ್ಲಿ ನಾಯಿಗಳಿಗೆ ಮಾತ್ರೆ ನುಂಗಿಸುವುದೇ ಅವನ ಕೆಲಸ, ಅದಕ್ಕೇ ಎಲ್ಲರಿಗೂ ಅವನು ನಾಯಿಮಾಮ. ಅರ್ಧ ನಾಯಿಗಳಿಗೆ ನಿಜವಾದ ಮದ್ದು, ಹೋಲಿಸಿ ನೋಡಲು ಉಳಿದವಕ್ಕೆ ಬರೀ ಹಿಟ್ಟಿನ ಮಾತ್ರೆ. ಯಾವುದಕ್ಕೆ ಯಾವುದೆಂದು ಅಲ್ಲಿ ಯಾರಿಗೂ ತಿಳಿಯದು. ಸ್ವಲ್ಪ ಹೆಚ್ಚುಕಮ್ಮಿಯಾದರೂ ಕೆಲಸಕ್ಕೆ ಕುತ್ತು. ಹಿಂದಿನವನು ಹಾಗೆಯೇ ಮನೆ ಸೇರಿದ್ದ. ತಮಾಷೆಯೆಂದರೆ, ಇಷ್ಟು ನಾಯಿಗಳಿಗೆ ನುಂಗಿಸುವ ಈ ಮಹಾಶಯ ಹೆಂಡತಿ ಕೊಟ್ಟ ಜಂತುಹುಳದ ಮಾತ್ರೆಯನ್ನು ಕದ್ದು ಬಚ್ಚಲಿಗೆ ಉಗುಳಿದ್ದ. ಸಿಕ್ಕಿಬಿದ್ದು ಜಗಳವೂ ಆಗಿತ್ತು. ಈಚೆಗೆ ಅವಳು ಆ ಮಾತೇ ಎತ್ತುತ್ತಿರಲಿಲ್ಲ. ತಾನೇ ಗೆದ್ದೆನೆಂದು ಅವನು ಬೀಗಿದ್ದ.

"ಹೆದರ್ಬೇಡಿ ಮಾಮ," ಎಂದ ಕಾವಲುಗಾರ. "ಹುಳ ಇದ್ರೆ ಹುಳ ಸಾಯುತ್ತೆ. ಇಲ್ದಿದ್ರೆ ಯಾರು ಸಾಯ್ತಾರೋ ಗೊತ್ತಿಲ್ಲ."

ಮಾತು ಕೇಳಿಸಿಕೊಂಡು ಫೋನ್ ಹಿಡಿದೇ ಬಂದ ಗುಮಾಸ್ತೆ ಅವನ ರೆಪ್ಪೆ ಎತ್ತಿ ನೋಡಿದಳು. "ಕಣ್ಣು ಕೆಂಪಗಿದೆ. ಕೊನೇ ಗೂಡಿನ ನಾಯಿಗೂ ಮೊದಲು ಹೀಗೇ ಆಗಿದ್ದು. ಆಮೇಲೆ ಕೂದಲು ಉದುರ್ತು."

ನಾಯಿಮಾಮ ತಲೆ ಮುಟ್ಟಿಕೊಂಡ. ಉದುರಲು ಅಲ್ಲಿ ಹೆಚ್ಚೇನೂ ಇರಲಿಲ್ಲ. "ಅಕ್ಕಾ, ಯಾರಿಗೂ ಹೇಳ್ಬೇಡಿ. ಕೆಲಸ ಹೋಗುತ್ತೆ."

"ನಾನ್ಯಾಕೆ ಹೇಳ್ಲಿ? ಬರ್ತಾ ನಿಮ್ಮ ಮನೆಯವರಿಗೆ ಮಾತ್ರ ಫೋನ್ ಮಾಡ್ದೆ. ಎತ್ತಲಿಲ್ಲ."

ಅಷ್ಟರಲ್ಲಿ ಅವನ ಬೆರಳಿಗೆ ಒಂದು ಕೂದಲು ಅಂಟಿ ಬಂತು. ಜೀವ ಇದ್ದರೆ ತಾನೇ ಕೆಲಸ ಎಂದುಕೊಂಡು ಡಾಕ್ಟರಮ್ಮನ ಕೋಣೆಗೆ ಓಡಿ ಎಲ್ಲವನ್ನೂ ಒದರಿದ. ಹಿತೈಷಿಗಳಿಬ್ಬರೂ ಬೆನ್ನಿಗೇ ಬಂದು ನಿಂತರು.

ಡಾಕ್ಟರಮ್ಮ ದಂಗಾದರು. "ಮನುಷ್ಯರಿಗೆ ಆ ಮದ್ದು ಇನ್ನೂ ಯಾರೂ ಕೊಟ್ಟೇ ಇಲ್ಲ ಕಣ್ರೀ," ಎನ್ನುತ್ತಾ, ಗುಟ್ಟು ಬಲ್ಲ ಮೇಲಧಿಕಾರಿಗೆ ಫೋನ್ ಹಚ್ಚಿದರು. ಕೇಳುತ್ತಾ ಕೇಳುತ್ತಾ ಅವರ ಮುಖಕ್ಕೆ ಕಳೆ ಬಂತು.

"ನೀವು ತಿಂದಿದ್ದು ಬರೀ ಹಿಟ್ಟು. ಗುಂಡ ಹಿಟ್ಟಿನ ಗುಂಪಿನವನು. ಅವನ ಹೊಟ್ಟೆಗೆ ಹುಳದ ಔಷಧಿ ಸೋಕಲೇಬಾರದು, ಸೋಕಿಲ್ಲ. ಪರೀಕ್ಷೆ ಉಳೀತು, ನಿಮ್ಮ ಕೆಲಸಾನೂ ಉಳೀತು. ಹೋಗಿ."

ನಾಯಿಮಾಮನಿಗೆ ಹೋದ ಜೀವ ಬಂದಂತಾಯಿತು. ಅದೇ ಹೊತ್ತಿಗೆ ಗುಮಾಸ್ತೆಯ ಫೋನ್ ಬಡಿದುಕೊಂಡಿತು. ಅವನ ಹೆಂಡತಿ. ಎಲ್ಲರೂ ಕೇಳಲಿ ಎಂದು ಗುಮಾಸ್ತೆ ಸ್ಪೀಕರ್ ಒತ್ತಿ, "ಇಲ್ಲೇ ಇದ್ದಾರೆ, ಮಾತಾಡಿ," ಎಂದು ಅವನ ಮುಂದೆ ಹಿಡಿದಳು.

"ಏನ್ರೀ, ಏನಾಯ್ತು? ಬನ್ನು ಪೂರ್ತಿ ತಿಂದ್ರಿ ತಾನೇ?"

"ತಿಂದೆ ಕಣೇ," ಎಂದ ನಾಯಿಮಾಮ, ಖುಷಿಯ ಭರದಲ್ಲಿ. "ಯಾಕೆ?"

"ನುಂಗದ ನಾಯಿಗೆ ಬನ್ನಲ್ಲಿಟ್ಟು ಕೊಡ್ಬೇಕು ಅಂತ ದಿನಾ ಹೇಳೋರು ನೀವೇ ಅಲ್ವಾ? ನಿಮ್ಮ ಹುಳದ ಮಾತ್ರೆ ಅದರೊಳಗೇ ಇಟ್ಟಿದ್ದೆ."

ಆಚೆ ಗೂಡಿನಲ್ಲಿ ಗುಂಡ ಇನ್ನೊಂದು ಬನ್ನಿಗಾಗಿ ಬೊಗಳಿತು.

ಡಾಕ್ಟರಮ್ಮ ನಿಧಾನವಾಗಿ ಕೈ ಚಾಚಿದರು. "ಗೂಡಿನ ಬೀಗದಕೈ ಇಲ್ಲಿ ಕೊಡಿ," ಎಂದರು.