ಸಾಹೇಬರ ಒಲೆಯ ಶುದ್ಧಿ

ಮನೆಗೆ ಹೊಸ ಯಂತ್ರ ತರುವ ಗಂಡಸಿಗೆ ಒಂದು ರೋಗವಿರುತ್ತದೆ. ಯಂತ್ರ ಮಾಡುವ ಕೆಲಸವನ್ನೆಲ್ಲ ತಾನೇ ಮಾಡಿದವನಂತೆ ಎದೆ ಉಬ್ಬಿಸಿಕೊಂಡು ಓಡಾಡುತ್ತಾನೆ. ಈ ಎಪ್ಪತ್ತರ ದಶಕದಲ್ಲಿ ಆ ರೋಗ ನನಗೂ ತಗಲಿದೆ, ಸ್ವಲ್ಪ ಜೋರಾಗಿಯೇ. ಸೊಲ್ಲಾಪುರದ ನಮ್ಮ ಗಿರಣಿಗೆ ಮಗ್ಗ ಕೂಡಿಸಲು ಬಂದಿದ್ದ ಜರ್ಮನ್ ಸಾಹೇಬರು ಊರಿಗೆ ಮರಳುವಾಗ, ಅವರ ಗುಮಾಸ್ತನಾಗಿದ್ದ ನನಗೆ ತಮ್ಮ ಕರೆಂಟಿನ ಒಲೆ ಕೊಟ್ಟುಹೋದರು. ದೊಡ್ಡ ಕಬ್ಬಿಣದ ಪೆಟ್ಟಿಗೆ, ಅದಕ್ಕೊಂದು ಬಾಗಿಲು, ಒಳಗೆ ತಂತಿಯ ಜಾಳಿಗೆಗಳು. ಸೀಮೆಎಣ್ಣೆ ಸ್ಟೋವನ್ನೇ ದೊಡ್ಡಸ್ತಿಕೆ ಎಂದುಕೊಂಡಿದ್ದ ನಮ್ಮ ಓಣಿಗೆ ಇದು ಆನೆ ಬಂದಂತಾಯಿತು. ಅದರ ಹೆಚ್ಚುಗಾರಿಕೆ ಬೇಯಿಸುವುದರಲ್ಲಿರಲಿಲ್ಲ. ಒಂದು ಗುಂಡಿ ತಿರುವಿದರೆ ತನ್ನ ಬಾಗಿಲನ್ನು ತಾನೇ ಬಿಗಿದುಕೊಂಡು, ಭಯಂಕರವಾಗಿ ಕಾದು, ಒಳಗೆ ಅಂಟಿದ ಜಿಡ್ಡನ್ನೆಲ್ಲ ಬೂದಿ ಮಾಡಿಕೊಂಡು ಅದು ತಾನೇ ಸ್ವಚ್ಛವಾಗುತ್ತಿತ್ತು. ವೈರ್‌ಮನ್ ಬಂದು ಅದಕ್ಕೆಂದೇ ದಪ್ಪ ವೈರು ಎಳೆದುಕೊಟ್ಟ.

ಅವ್ವನಿಗೆ ಮಾತ್ರ ಇದು ಯಾವುದೂ ಹಿಡಿಸಲಿಲ್ಲ. ನಮ್ಮದು ವ್ಯಾಪಾರಸ್ಥರ ಓಣಿ. ತತ್ತಿಯ ಹೆಸರೆತ್ತಿದರೂ ಬಾಯಿ ಮುಕ್ಕಳಿಸುವ ಜನ. “ಆ ಸಾಹೇಬ ಇದರಾಗ ಏನೇನ ಬೇಯಿಸ್ಯಾನೋ ಏನೋ. ಇದು ಅಡಗಿಮನ್ಯಾಗ ಇರೂತನಕಾ ನಾ ಅಲ್ಲಿ ನೀರೂ ಮುಟ್ಟಂಗಿಲ್ಲ” ಎಂದಳು. ದೇವರ ಕೋಣೆಯಲ್ಲಿ ಕೂತು ಚುರುಮುರಿ, ಬಾಳೆಹಣ್ಣು ತಿನ್ನತೊಡಗಿದಳು. ಅದೂ ಸಾಲದೆ ಒಂದು ಸಂಜೆ ಚೀಲ ಕಟ್ಟಿಟ್ಟಳು. “ನಾಳಿ ಎಸ್‌ಟಿ ಬಸ್ಸಿಗಿ ಕರಜಗಿಗಿ ತಮ್ಮನ ಮನಿಗಿ ಹೋಗ್ತೀನಿ. ನೀ ನಿನ್ನ ಒಲಿ ಸಂಭಾಳಸ್ಕೋತ ಕೂಡು.” ಅಪ್ಪ ಹೋದಮೇಲೆ ನನ್ನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು. ಅವಳಿಲ್ಲದ ಮನೆಯನ್ನು ನೆನೆದರೆ ನನಗೆ ನಿಜವಾಗಿ ಅಳು ಬಂತು. ಒಲೆ ಇಲ್ಲದ ಮನೆಯನ್ನು ನೆನೆದರೂ ಬಂತು, ಸುಳ್ಳು ಯಾಕೆ ಹೇಳಲಿ.

ಮರುದಿನ ಬೆಳಿಗ್ಗೆ ಅವಳನ್ನು ತಡೆದು, “ಅವ್ವಾ, ಬೆಂಕಿಗಿಂತ ದೊಡ್ಡ ಶುದ್ಧಿ ಯಾವದದ? ನಿನ್ನ ಕಣ್ಣ ಮುಂದನ ಸುಟ್ಟು ಸ್ವಚ್ಛ ಮಾಡಿ ತೋರಸ್ತೀನಿ. ಆಮ್ಯಾಲ ಹೋಗಾಕಿದ್ರ ಹೋಗು” ಎಂದೆ. ಅವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಲ್ಲಿ ಕೂತಳು. ನಾನು ಒಲೆಯ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕ ಹಿಡಿದು ಪುರಾಣ ಓದುವವರ ಗತ್ತಿನಲ್ಲಿ ಅರ್ಥ ಹೇಳಿದೆ. ಜಾಳಿಗೆಗಳನ್ನು ಹೊರಗೆ ತೆಗೆಯಬೇಕು. ಸೋಪು, ಸೋಡಾ ಹಚ್ಚಬಾರದು. ಕಿಟಕಿ ತೆರೆದಿಡಬೇಕು. ಮಕ್ಕಳು ಹತ್ತಿರ ಬರಬಾರದು, ಸಾಕಿದ ಹಕ್ಕಿಯಿದ್ದರೆ ಬೇರೆ ಕಡೆ ಒಯ್ಯಬೇಕು. ಆರುವವರೆಗೆ ಬಾಗಿಲು ಜಗ್ಗಬಾರದು. ಎಲ್ಲಕ್ಕೂ ಮೊದಲು, ತಳದಲ್ಲಿ ನಿಂತ ಜಿಡ್ಡನ್ನು ಬಟ್ಟೆಯಿಂದ ಒರೆಸಿ ತೆಗೆಯಬೇಕು, ಇಲ್ಲವಾದರೆ ಹೊಗೆಯೇಳುತ್ತದೆ. ಈ ಕೊನೆಯದಕ್ಕೆ ಬಂದಾಗ ನನ್ನ ಹೆಂಡತಿ ಶಾಂತಾ ಸೆರಗಿನಿಂದ ಮೂಗು ಮುಚ್ಚಿಕೊಂಡು, “ನಾ ಅಂತೂ ಮುಟ್ಟಂಗಿಲ್ಲರಿ, ನೀವ ಒರಸ್ರಿ” ಎಂದಳು. ಒರೆಸಬಹುದಿತ್ತು. ಆದರೆ ಅವ್ವ ನೋಡುತ್ತಿದ್ದಾಳೆ. ಆ ಜಿಡ್ಡಿಗೆ ಕೈಹಚ್ಚಿದರೆ ನನಗೇ ಮೈಲಿಗೆ. “ತಾನ ಸ್ವಚ್ಛ ಮಾಡ್ಕೋಳು ಒಲಿಗಿ ನಾವ್ಯಾಕ ಒರಸೂದು?” ಎಂದು ಗುಂಡಿ ತಿರುವಿಬಿಟ್ಟೆ. ಬಾಗಿಲು ಕಟಕ್ ಎಂದು ಬಿಗಿದುಕೊಂಡಿತು.

ಸ್ವಲ್ಪ ಹೊತ್ತಿಗೆಲ್ಲ ಹೊಗೆ ಶುರುವಾಯಿತು. ಹೊಗೆಯ ಹಿಂದೆಯೇ ವಾಸನೆ. ಪುಸ್ತಕ ಹೇಳಿದಂತೆ ಕಿಟಕಿಗಳನ್ನೆಲ್ಲ ತೆರೆದಿಟ್ಟಿದ್ದೆನಲ್ಲ, ಅದು ನೆಟ್ಟಗೆ ಓಣಿಗೆ ಇಳಿಯಿತು. ಗುಂಡಿ ಹಿಂದಕ್ಕೆ ತಿರುವಿದೆ. ಕಾದ ಒಲೆಯ ಬಾಗಿಲು ಬಿಡಲಿಲ್ಲ, ವಾಸನೆಯೂ ನಿಲ್ಲಲಿಲ್ಲ. ಹಕ್ಕಿಯನ್ನು ದೂರ ಇಡಿ ಎಂದ ಪುಸ್ತಕ ನೆರೆಯವರ ಬಗ್ಗೆ ಒಂದಕ್ಷರವನ್ನೂ ಬರೆದಿರಲಿಲ್ಲ. ಜನ ಮೂಗು ಹಿಡಿದುಕೊಂಡು ಬಂದು ಬಾಗಿಲಲ್ಲಿ ಸೇರಿದರು. ವೈರು ಸುಟ್ಟಿರಬೇಕು ಎಂದರು ಕೆಲವರು. ಇಲಿ ಸತ್ತಿರಬೇಕು ಎಂದರು ಕೆಲವರು. ಮುಂದೆ ಬಂದವರು ಎದುರುಮನೆಯ ಗಂಗಪ್ಪಣ್ಣ. ಜವಳಿ ಅಂಗಡಿಯವರು, ಓಣಿಯಲ್ಲಿ ಶ್ರಾವಣದ ಪುರಾಣ ಹಚ್ಚಿಸುವವರು ಅವರೇ. ಒಮ್ಮೆ ದೀರ್ಘವಾಗಿ ಮೂಸಿ, “ವೈರೂ ಅಲ್ಲ, ಇಲೀನೂ ಅಲ್ಲ. ಇದು ಕುರಿ ಕೊಬ್ಬು” ಎಂದು ತೀರ್ಪು ಕೊಟ್ಟರು.

ಸುಮ್ಮನಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಒಲೆಯ ಬಗ್ಗೆ ಯಾರಾದರೂ ತಪ್ಪು ಹೇಳಿದರೆ ನಾನು ತಡೆದುಕೊಳ್ಳಲಾರೆ.

“ಕುರಿ ಅಲ್ಲರಿ ಅಣ್ಣಾವ್ರ, ಕೋಳಿ” ಎಂದೆ.

“ಕೋಳಿ ಇಷ್ಟ ಜಿಡ್ಡ ಬಿಡತದೇನೋ?”

“ಸಾಹೇಬ್ರು ಮ್ಯಾಲ ಬೆಣ್ಣಿ ಸವರತಿದ್ರು. ಅದಕ್ಕ ಅದರ ಚರ್ಮ ಕರುಂ ಕುರುಂ ಅಂತಿತ್ತು.”

ಗಂಗಪ್ಪಣ್ಣನವರ ಹೆಂಡತಿ ಗಂಡನನ್ನೇ ನೋಡುತ್ತಿದ್ದರು. ಅವ್ವ ನನ್ನನ್ನು ನೋಡುತ್ತಿದ್ದಳು. ಜನ ಬಂದದ್ದಕ್ಕಿಂತ ಬೇಗ ಚದುರಿದರು.

ಮಧ್ಯಾಹ್ನದ ಹೊತ್ತಿಗೆ ಒಲೆ ಆರಿ ಬಾಗಿಲು ಬಿಟ್ಟಿತು. ಒಳಗೆ ಹಿಡಿ ಬೂದಿ, ಅಷ್ಟೆ. ಬೂದಿಯಾದದ್ದಕ್ಕೆ ಶಾಂತಾ ಹೇಸಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದಳು. ಅವ್ವ ಕನ್ನಡಕ ಏರಿಸಿಕೊಂಡು ಒಳಗೆ ಇಣುಕಿ ನೋಡಿದಳು. “ಒಲಿ ಸ್ವಚ್ಛ ಆಗೇದ” ಎಂದು ಒಪ್ಪಿಕೊಂಡು, ಚೀಲ ಬಿಚ್ಚಿ, ಅಡುಗೆಮನೆಯಲ್ಲೇ ಊಟಕ್ಕೆ ಕೂತಳು. ಸಂತೋಷದಿಂದ ನಾನೂ ಪಕ್ಕದಲ್ಲಿ ಮಣೆ ಹಾಕಿಕೊಳ್ಳಹೋದೆ. “ನೀ ಎಲ್ಲಿ ಬಂದಿ? ಹೊರಗ ಕಟ್ಟಿ ಮ್ಯಾಲ ಕೂಡು. ಒಲಿಗಿ ಶುದ್ಧಿ ಆಗೇದ, ನಿನಗ ಆಗಿಲ್ಲ.”

ಅಂದಿನಿಂದ ಒಲೆ ಒಳಗೆ, ನಾನು ಹೊರಗೆ. ಶಾಂತಾ ಅದರಲ್ಲಿ ಸುಟ್ಟ ನಾನಖಟಾಯಿ ಬಿಸ್ಕತ್ತನ್ನು ಅವ್ವ ಚಹಾದಲ್ಲಿ ಅದ್ದಿ ತಿನ್ನುತ್ತಾಳೆ. ನನ್ನ ತಾಟಿಗೆ ಎರಡು, ಮುಟ್ಟದಂತೆ ಮೇಲಿನಿಂದ ಬೀಳುತ್ತವೆ. ಎದುರು ಕಟ್ಟೆಯ ಮೇಲೆ ಗಂಗಪ್ಪಣ್ಣನವರ ತಾಟೂ ಬಂದಿದೆ. ಇಬ್ಬರೂ ತಲೆ ತಗ್ಗಿಸಿ ಉಣ್ಣುತ್ತೇವೆ. ಯಾರೂ ಇಲ್ಲದ ಹೊತ್ತು ನೋಡಿ ಅವರು ಮೆಲ್ಲಗೆ, “ಏನಾರೆ ಅನ್ನು, ಅದು ಕುರೀನ” ಎನ್ನುತ್ತಾರೆ. ಮರ್ಯಾದೆ ಹೋದದ್ದು ಹೋಯಿತು, ಅದನ್ನು ಸಹಿಸಬಲ್ಲೆ. ಕೋಳಿಯನ್ನು ಕುರಿ ಎಂದರೆ ಹೇಗೆ ಸಹಿಸಲಿ?