ಭಾಗಮ್ಮನ ಬಾಕಿ ರವಿವಾರ

ಭಾಗಮ್ಮನಿಗೆ ಒಂದು ರವಿವಾರದ ಕೂಲಿ ಬಾಕಿ ಇದೆ. ಕೊಡಬೇಕಾದವನು ಅವಳ ಗಂಡ ಖಂಡೆಪ್ಪ. ಹರೆಯದಲ್ಲಿ ಕಪನೂರಿನ ಕಾರ್ಖಾನೆಗಳ ಗೇಟಿಗೆ ಕುಳಿತು ಕಾರ್ಮಿಕರಿಗೆ ವಾರದ ರಜೆ ಕೊಡಿಸಿದವನು, ಲಾಠಿಗೆ ಬೆನ್ನು ಕೊಟ್ಟವನು. ಅದೇ ರಜೆಯನ್ನು ಸೇಡಂ ರಸ್ತೆಯ ತನ್ನ ಮನೆಯೊಳಕ್ಕೆ ತರುವುದು ಮಾತ್ರ ಮರೆತಿದ್ದ. (ಅಡುಗೆಮನೆಗೆ ಗೇಟಿಲ್ಲ ನೋಡಿ, ಧರಣಿ ಕೂರುವುದು ಎಲ್ಲಿ?)

ಈಗ ಖಂಡೆಪ್ಪ ಪ್ರಬಂಧಕಾರ. ಅವನಿಗೆ ಹೆಸರು ತಂದದ್ದು ‘ರೊಟ್ಟಿ ಬಡಿಯುವ ಗಂಡಸು’ ಎಂಬ ಪ್ರಬಂಧ. ದಿನಾ ನಸುಕಿನಲ್ಲಿ ಎದ್ದು ಜೋಳದ ರೊಟ್ಟಿ ಬಡಿಯುತ್ತೇನೆ, ಅಂಗೈಯ ಉರಿಯಲ್ಲೇ ಸಮಾನತೆ ಹುಟ್ಟುತ್ತದೆ ಎಂದು ಬರೆದಿದ್ದ. ನಿಜ ಇಷ್ಟೇ: ಭಾಗಮ್ಮ ಬಾಗಿಲಲ್ಲಿ ಹಾಲಿನವನ ಜೊತೆ ಜಗಳಕ್ಕೆ ನಿಂತಾಗ ಒಮ್ಮೆ ಹಂಚಿನ ಮೇಲಿನ ರೊಟ್ಟಿ ತಿರುವಲು ಹೋಗಿ ಬೆರಳು ಸುಟ್ಟುಕೊಂಡಿದ್ದ. ಆ ಒಂದು ಬೊಬ್ಬೆಯಿಂದ ಹನ್ನೆರಡು ಪುಟ ಹಿಂಡಿದ.

ಈ ಹನ್ನೆರಡು ಪುಟ ಮೋಮಿನಪುರದ ಆಯೇಶಾ ಮತ್ತು ಅವಳ ಜೊತೆಗಾರ ಗೌತಮನ ಕೈಗೆ ಸಿಕ್ಕವು. ಹಗಲು ಕಾಲೇಜಿನಲ್ಲಿ ಪಾಠ, ಸಂಜೆ ಪಾಡ್‌ಕಾಸ್ಟ್, ಇದು ಅವರ ದಂಧೆ. ಖಂಡೆಪ್ಪನ ಬರಹ, ವಿಚಾರ ಕುರಿತು ಆಗಲೇ ಎರಡು ಕಂತು ಮಾತಾಡಿ ಮುಗಿಸಿದ್ದರು. ಗೌತಮ ಒಂದು ರೊಟ್ಟಿಯ ಮೇಲೆ ಎಷ್ಟು ತತ್ತ್ವ ಬಡಿಸಿದನೆಂದರೆ ಪಲ್ಯಕ್ಕೆ ಜಾಗವೇ ಉಳಿಯಲಿಲ್ಲ. ಖಂಡೆಪ್ಪ ಆ ಕಂತುಗಳನ್ನು ಫೋನಿನಲ್ಲಿ ದೊಡ್ಡದಾಗಿ ಹಾಕಿಕೊಂಡು, ತಾಟಿನ ಮುಂದೆ ಕುಳಿತು, “ಇನ್ನೊಂದು ಬಿಸೀದು ಹಾಕು” ಎನ್ನುತ್ತಾ ಕೇಳಿದ.

ಮೂರನೆಯ ಕಂತಿಗೆ ಇಬ್ಬರೂ ಮನೆಗೇ ಬಂದರು.

“ಸರ್, ಮೊದಲ ನೀವು ರೊಟ್ಟಿ ಬಡಿಯೋ ಸಪ್ಪಳ ಬೇಕು,” ಎಂದಳು ಆಯೇಶಾ. “ಮಾತು ಆಮ್ಯಾಲ.”

ಖಂಡೆಪ್ಪ ಅಡುಗೆಮನೆಯ ಕಡೆ ಕಣ್ಣು ಹಾಯಿಸಿದ. “ನಾ ಮಂದಿ ಮುಂದ ಬಡಿಯಂಗಿಲ್ಲ ತಂಗಿ. ಅದು ನನ್ನ ಏಕಾಂತ,” ಎಂದವನೇ ರೆಕಾರ್ಡರ್ ಇಸಿದುಕೊಂಡು ಅಡುಗೆಮನೆ ಹೊಕ್ಕು ಬಾಗಿಲು ಹಾಕಿಕೊಂಡ. ಗೌತಮ ‘ಏಕಾಂತ’ ಎಂದು ಬರೆದುಕೊಂಡ.

ಒಳಗೆ ಭಾಗಮ್ಮ ಹಿಟ್ಟು ನಾದುತ್ತಿದ್ದಳು.

“ಒಂದೆರಡು ಬಡಿ. ಹೊರಗ ನನ್ನ ಮಾನ ಅದ,” ಎಂದು ಖಂಡೆಪ್ಪ ಪಿಸುಗುಟ್ಟಿದ.

“ನಿಮ್ಮ ಮಾನ ನನ್ನ ಕೈಯಾಗ ಯಾವಾಗ ಬಂತ್ರೀ?”

“ದನಿ ಸಣ್ಣದು ಮಾಡು. ಏನ ಬೇಕು ಕೇಳು.”

“ಕೂಲಿ. ಮುಂದಿನ ರವಿವಾರ ನಾ ಒಲಿ ಮುಟ್ಟಂಗಿಲ್ಲ. ಮೂರೂ ಹೊತ್ತು ನೀವ ಮಾಡಿ ನನಗ ಉಣಿಸಬೇಕು.”

“ಆತು. ಕಾರ್ಮಿಕ ವರ್ಗದ ಆಣೆ.”

“ಅದು ಬ್ಯಾಡ. ನಿಮ್ಮ ರೊಟ್ಟಿ ಪ್ರಬಂಧದ ಮ್ಯಾಲ ಆಣಿ ಇಡ್ರಿ.”

ಇಟ್ಟ. ಭಾಗಮ್ಮ ಬಳೆ ಸದ್ದಾಗದಂತೆ ಮೊಣಕೈವರೆಗೆ ಸರಿಸಿ, ಮೇಲೆ ಅರಿವೆ ಕಟ್ಟಿಕೊಂಡು ಬಡಿದಳು. ಹೊರಗೆ ಬಂದ ಖಂಡೆಪ್ಪ ಹಣೆಯ ಬೆವರು ಒರೆಸಿಕೊಂಡ. ಬೆವರು ಮಾತ್ರ ಅಪ್ಪಟ ಅವನದೇ.

ಕಂತು ಚೆನ್ನಾಗಿ ಓಡಿತು. ಕಮಲಾಪುರದಲ್ಲಿ ಬಾಳೆತೋಟದ ಕೆಲಸಕ್ಕೆ ಹೋಗುವ ಹೆಂಗಸರ ಸಂಘದವರು ಅದನ್ನು ಕೇಳಿ ಮೆಚ್ಚಿ ಹೇಳಿಕಳಿಸಿದರು: ರವಿವಾರ ಬನ್ನಿ, ನಾಲ್ಕನೆಯ ಕಂತು ನಮ್ಮೆದುರಿಗೇ ಆಗಲಿ. ಖಂಡೆಪ್ಪ ಹಾರದ ಕನಸಿನಲ್ಲಿ ಒಪ್ಪಿಬಿಟ್ಟ.

“ಅವತ್ತು ನನ್ನ ರವಿವಾರ,” ಎಂದಳು ಭಾಗಮ್ಮ.

“ನೀನೂ ಬಾ. ನಿನ್ನ ತಂಗಿ ಶೀಲಾ ಅಲ್ಲೇ ಅದಾಳಲ್ಲ. ಊಟ ಅವರದ. ಇಬ್ಬರಿಗೂ ರಜಾ.”

ಕೂಲಿ ಮುಂದೂಡುವ ಮಾಲೀಕರೂ ಥೇಟ್ ಹೀಗೇ ಮಾತಾಡುತ್ತಿದ್ದರು ಎಂಬುದು ಅವನಿಗೆ ಹೊಳೆಯಲಿಲ್ಲ.

ಕಮಲಾಪುರದಲ್ಲಿ ಹಾರ ಹಾಕಿದರು, ಕೆಂಪು ಬಾಳೆಯ ಗೊನೆ ಕೊಟ್ಟರು. ಆಮೇಲೆ ಸಂಘದ ಮುಖಂಡೆ ಶಾಹಜಾದಿ ವೇದಿಕೆಯ ಮೇಲೆ ಒಲೆ, ಹಂಚು, ಹಿಟ್ಟಿನ ಡಬ್ಬಿ ಇಡಿಸಿದಳು.

“ಸಾಹೇಬ್ರ, ಇವತ್ತ ನಾವು ಯಾರೂ ಮನ್ಯಾಗ ರೊಟ್ಟಿ ಮಾಡಿಲ್ಲ. ಪಲ್ಯ ಅಷ್ಟ ತಂದೀವಿ. ನಿಮ್ಮ ಕೈ ರೊಟ್ಟಿ ಉಂಡೇ ಹೋಗೋದು.”

ಖಂಡೆಪ್ಪ ಮುಂದಿನ ಸಾಲು ನೋಡಿದ. ಭಾಗಮ್ಮ ತಂಗಿಯ ಪಕ್ಕ ಕಾಲು ಚಾಚಿ ಕುಳಿತು ಬಾಳೆಹಣ್ಣು ಸುಲಿಯುತ್ತಿದ್ದಳು. ಕಣ್ಣಲ್ಲೇ ಕೈಮುಗಿದ.

“ನನಗ ಇವತ್ತ ರಜಾ ಅದ್ರೀ,” ಎಂದಳು ಅವಳು, ಊರಿಗೆಲ್ಲ ಕೇಳುವಂತೆ.

ಖಂಡೆಪ್ಪ ಹಿಟ್ಟಿಗೆ ತಣ್ಣೀರು ಸುರಿದ. (ಹನ್ನೆರಡು ಪುಟದಲ್ಲಿ ಅಂಗೈಯ ಉರಿ ಇತ್ತು, ಹಿಟ್ಟಿಗೆ ಹಾಕುವ ಕುದಿಯುವ ಎಸರಿನ ಸುದ್ದಿ ಇರಲಿಲ್ಲ.) ಬಡಿದಲ್ಲೆಲ್ಲ ಹಿಟ್ಟು ಬಿರಿಯಿತು. ಎತ್ತಿದರೆ ತುಂಡಾಯಿತು. ಹಂಚಿಗೆ ಹಾಕಿದರೆ ಅರ್ಧ ಹಂಚಿಗೆ, ಅರ್ಧ ಪಂಚೆಗೆ.

ಗೌತಮ ಮೈಕಿಗೆ ಬಾಗಿದ. “ಗಮನಿಸಿ. ಲೇಖಕರು ಬೇಕಂತಲೇ ಸೋಲುತ್ತಿದ್ದಾರೆ. ಗಂಡಸಿನ ಕೈಯ ಅಹಂಕಾರವನ್ನು ನಮ್ಮೆದುರೇ ಒಡೆಯುತ್ತಿದ್ದಾರೆ.”

ಖಂಡೆಪ್ಪನಿಗೆ ಹೋದ ಜೀವ ಬಂತು. “ಹೌದು. ಬೇಕಂತಲೇ.”

“ಭೇಷ್,” ಎಂದಳು ಶಾಹಜಾದಿ. “ಬೇಕಂತ ಕೆಡಸೋದು ಆತಲ್ಲ, ಈಗ ಬೇಕಂತ ಛಲೋ ಮಾಡ್ರಿ. ಹೊಟ್ಟಿ ಹಸದಾವ.”

ಅಂದು ಕಮಲಾಪುರದ ಅಭಿಮಾನಿಗಳು ಬದನೆಕಾಯಿ ಪಲ್ಯವನ್ನು ಬಾಳೆಹಣ್ಣಿಗೆ ಹಚ್ಚಿಕೊಂಡು ತಿಂದರು. ನಾಲ್ಕನೆಯ ಕಂತನ್ನು ಹಿಂದಿನ ಮೂರಕ್ಕಿಂತ ಹೆಚ್ಚು ಮಂದಿ ಕೇಳಿದ್ದಾರೆ. ಅದರಲ್ಲಿ ವಿಚಾರವೇನೂ ಇಲ್ಲ. ಬಡಿತ, ಏದುಸಿರು, ಹೆಂಗಸರ ನಗು, ಅಷ್ಟೇ.

ಬಸ್ಸಿನಲ್ಲಿ ಮರಳುವಾಗ ಖಂಡೆಪ್ಪ ಮೆಲ್ಲಗೆ ಕೇಳಿದ: “ನಿನ್ನ ರವಿವಾರ ಮುಟ್ಟಿತಲ್ಲ?”

“ಎಲ್ಲಿ ಮುಟ್ಟಿತ್ರೀ? ಮೂರು ಹೊತ್ತು ಉಣಿಸ್ತೀನಿ ಅಂದಿದ್ರಿ. ಒಂದು ತುತ್ತು ಹುಟ್ಟಲಿಲ್ಲ. ಅರ್ಧ ಕೂಲಿಗೆ ಸಹಿ ಹಾಕಬ್ಯಾಡ್ರಿ ಅಂತ ಗೇಟಿನಾಗ ಒದರ್ತಿದ್ದವರು ಯಾರು?”

ಬಾಕಿ ಹಾಗೇ ಇದೆ. ಖಂಡೆಪ್ಪ ಸುಮ್ಮನೆ ಕುಳಿತಿಲ್ಲ. ಆ ಬಾಕಿಯ ಮೇಲೆಯೇ ಒಂದು ದೀರ್ಘ ಪ್ರಬಂಧ ಬರೆಯುತ್ತಿದ್ದಾನೆ. ಗೌತಮ ಅದಕ್ಕೆ ಎರಡು ಕಂತು ಎತ್ತಿಟ್ಟಿದ್ದಾನೆ. ಭಾಗಮ್ಮ ಒಳಗೆ ರೊಟ್ಟಿ ಬಡಿಯುತ್ತಿದ್ದಾಳೆ, ಬಾಗಿಲು ತೆರೆದಿಟ್ಟು, ಬಳೆ ಕೆಳಗಿಳಿಸಿ.

ನಗುತ್ತಾ ಓದಿದಿರಲ್ಲ, ಈಗ ನೀವು ಹೇಳಿ: ಇವತ್ತು ನೀವುಂಡ ರೊಟ್ಟಿ ಬಡಿದವರ ರವಿವಾರ ಯಾವಾಗ ಕೊಡುತ್ತೀರಿ? ಉತ್ತರ ನನಗೆ ಬೇಡ. ಎದ್ದು ಒಳಗೆ ಹೋಗಿ ಅವರಿಗೆ ಕೊಡಿ. ಮೊದಲು ಎಸರಿಗೆ ನೀರಿಡಿ, ಆಮೇಲೆ ಬಾಯಿ ತೆಗೆಯಿರಿ.