ಅತ್ತೆಯ ಕಿವಿಗೆ ಬಿದ್ದ ಸೌರಮಾರುತ

ಭೂಮಿಯಿಂದ ಸುಮಾರು ತೊಂಬತ್ತು ಸಾವಿರ ಕಿಲೋಮೀಟರ್ ಆಚೆ ನಡೆಯುವ ಗಲಾಟೆ ನನ್ನ ಸೋದರತ್ತೆಗೆ ಕೇಳಿಸುತ್ತದೆ. ಆರು ಅಡಿ ಆಚೆ ಒಲೆಯ ಮೇಲೆ ಹಾಲು ಉಕ್ಕಿ ಚುಂಯ್ ಎಂದದ್ದು ಕೇಳಿಸುವುದಿಲ್ಲ! ಹಾಲು ಹೋದರೆ ಹೋಗಲಿ ಬಿಡಿ. ಆದರೆ ಉಕ್ಕಿದ ಹಾಲನ್ನು ಒರೆಸುತ್ತಿರುವ ಮಾವನಿಗೆ ಅವಳು ಕೈಸನ್ನೆಯಲ್ಲೇ "ಶ್! ಸಪ್ಪಳ ಮಾಡಬೇಡಿ, ಆಘಾತ ತರಂಗ ಬರ್ತಾ ಇದ್ದು" ಎನ್ನುತ್ತಾಳಲ್ಲ, ಅದನ್ನು ಯಾರು ಸಹಿಸಿಯಾರು? ಮಾವ ಸಹಿಸುತ್ತಾರೆ. ಸಿದ್ದಾಪುರದಲ್ಲಿ ಅವರಿಗೆ ತಾಳ್ಮೆಯ ಮನುಷ್ಯ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ.

ಅತ್ತೆ ದೂರವಾಣಿ ಕಚೇರಿಯಲ್ಲಿ ಆಪರೇಟರ್ ಆಗಿದ್ದವಳು. ವಯರು ಎತ್ತಿ ತೂತಿಗೆ ಚುಚ್ಚಿ ಊರಿಂದೂರಿಗೆ ಮಾತು ಜೋಡಿಸುತ್ತಿದ್ದ ಕಾಲದಿಂದ ಅವಳ ನೌಕರಿ. ಆಗಲೇ ಅವಳ ಕಿವಿ ಮೂರು ತಾಲೂಕಿಗೆ ಪ್ರಸಿದ್ಧ. ಯಲ್ಲಾಪುರದಿಂದ ಯಾರಾದರೂ ಫೋನು ಎತ್ತಿ ಬರೀ ಕೆಮ್ಮಿದರೆ ಸಾಕು, "ನಿಮ್ಮ ತಮ್ಮ ಮನೆಲಿಲ್ಲೆ, ಶಿರಸಿಗೆ ಹೋಯ್ದ. ಸಂಜೆ ಮಾಡಿ" ಎಂದು ಇವಳೇ ಉತ್ತರ ಕೊಟ್ಟುಬಿಡುತ್ತಿದ್ದಳು. ಫೋನು ಮಾಡಿದವನಿಗೆ ಕೆಲಸವೂ ಆಯಿತು, ತಮ್ಮನ ಜೊತೆ ಮಾತಾಡುವ ಕಷ್ಟವೂ ತಪ್ಪಿತು!

ನಿವೃತ್ತಿಯಾದ ಮೇಲೆ ಆ ಕಿವಿಗೆ ಕೆಲಸವಿಲ್ಲದಂತಾಯಿತು. ಅಷ್ಟು ವರ್ಷ ಕೇಳಿ ಪಳಗಿದ ಕಿವಿ ಸುಮ್ಮನೆ ಕೂರುತ್ತದೆಯೇ? ಅಕ್ಕಪಕ್ಕದ ಮನೆಯವರು ಕಿಟಕಿ ಹಾಕಿಕೊಂಡು ಮಾತಾಡಲು ಶುರುಮಾಡಿದರು. ಆ ಹೊತ್ತಿಗೆ ಸರಿಯಾಗಿ ಅವಳ ಮೊಬೈಲಿನಲ್ಲಿ ಒಂದು ಸುದ್ದಿ ಕಾಣಿಸಿತು. ಪರದೇಶದ ವಿಜ್ಞಾನಿಗಳ ತಂಡವೊಂದಕ್ಕೆ ಕೇಳುವವರು ಬೇಕಾಗಿದ್ದಾರೆ. ಭೂಮಿಯ ಸುತ್ತ ಹಾರುವ ನೌಕೆಗಳು ಅಳೆದು ಕಳಿಸಿದ್ದನ್ನು ಧ್ವನಿಯಾಗಿ ಮಾಡಿ ಕೊಡುತ್ತಾರೆ. ಕಂಪ್ಯೂಟರಿಗೆ ಸಿಗದ ಸೂಕ್ಷ್ಮ ಮನುಷ್ಯರ ಕಿವಿಗೆ ಸಿಗುತ್ತದಂತೆ. ಮನೆಯಲ್ಲೇ ಕೂತು ಕೇಳಬೇಕು, ಎಲ್ಲಿ ಏನು ಕೇಳಿತೆಂದು ಪರದೆಯ ಮೇಲೆ ಗುರುತು ಹಾಕಬೇಕು. ಸಂಬಳ ಇಲ್ಲ. ಅರ್ಜಿಯಲ್ಲಿ ಅನುಭವ ಎಂದು ಇದ್ದಲ್ಲಿ ಅತ್ತೆ ಏನು ಬರೆದಳು ಗೊತ್ತೇ? 'ಮೂವತ್ತೈದು ವರ್ಷ ಬೇರೆಯವರ ಮಾತು ಕೇಳಿದ್ದೇನೆ.' ತಗೊಂಡರು!

ಅಂದಿನಿಂದ ಮಧ್ಯಾಹ್ನದ ಊಟವಾಗಿ ಸಂಜೆಯ ಚಹಾದವರೆಗೆ ಅತ್ತೆ ಹೆಡ್‌ಫೋನು ಹಾಕಿಕೊಂಡು ಕೂರುವುದಾಯಿತು. ನಾನು ಶಿರಸಿಯ ಕಾಲೇಜೊಂದರಲ್ಲಿ ಇತಿಹಾಸ ಹೇಳುವವನು. ಸತ್ತ ರಾಜರ ವಿಷಯ ಕೇಳಿ, ಹೇಳುತ್ತೇನೆ. ಇದೆಲ್ಲ ನನಗೆ ಹೇಗೆ ತಿಳಿಯಬೇಕು? ಒಂದು ದಿನ ಕೇಳಿಯೇಬಿಟ್ಟೆ.

"ಅಲ್ಲ ಅತ್ತೆ, ಎಂತ ಕೇಳ್ತು ನಿಂಗೆ ಅದರಲ್ಲಿ?"

"ಸೂರ್ಯನಿಂದ ಗಾಳಿ ಬತ್ತು ತಮಾ. ನಮ್ಮ ಗಾಳಿಯಲ್ಲ, ಕರೆಂಟು ಹಿಡಿದ ಕಣದ ಗಾಳಿ. ಪ್ಲಾಸ್ಮಾ ಹೇಳಿ ಅದಕ್ಕೆ ಹೆಸರು. ಭೂಮಿಗೆ ಸುತ್ತಲೂ ಅಯಸ್ಕಾಂತದ ಬೇಲಿ ಇದ್ದು. ಗಾಳಿ ಬಂದು ಬೇಲಿಗೆ ಬಡಿತು, ಬೇಲಿ ನಡುಗ್ತು. ಆ ನಡುಕವೇ ಯಂಗೆ ಕೇಳ್ತು."

"ಅಲ್ಲಿ ಉಸಿರಾಡಲೆ ಗಾಳಿಯೇ ಇಲ್ಲೆ. ಶಬ್ದ ಎಲ್ಲಿಂದ ಬಂತು?"

ಇಂಥ ಪ್ರಶ್ನೆಗಾಗಿಯೇ ಕಾದಿದ್ದವಳಂತೆ ಅತ್ತೆ ಕುರ್ಚಿ ಎಳೆದುಕೊಂಡಳು. ಅಲ್ಲಿ ಶಬ್ದವಿಲ್ಲ, ಅಲೆ ಇದೆ. ಆ ಅಲೆ ಎಷ್ಟು ನಿಧಾನವೆಂದರೆ ಒಂದು ಸಲ ತೂಗಿ ವಾಪಸು ಬರಲು ನಿಮಿಷಗಟ್ಟಲೆ ಬೇಕು. ವಿಜ್ಞಾನಿಗಳು ಅದನ್ನು ಓಡಿಸಿ ಓಡಿಸಿ ನಮ್ಮ ಕಿವಿಗೆ ಹಿಡಿಯುವ ಹಾಗೆ ಮಾಡುತ್ತಾರೆ. "ಇಲ್ಲದಿದ್ರೆ ಒಂದು ಸ್ವರ ಕೇಳಲೆ ಆಸರಿಗೆ ಚಾ ಕುಡಿಯಲೆ ಕುಂತವ ಊಟಕ್ಕೇ ಏಳವು" ಎಂದಳು. ಆಮೇಲೆ ಹೆಡ್‌ಫೋನನ್ನು ನನ್ನ ತಲೆಗೇ ತೊಡಿಸಿದಳು. ನನಗೆ ಕೇಳಿದ್ದು ಹಳೇ ಟೇಬಲ್ ಫ್ಯಾನಿನ ಸದ್ದು. ಹಾಗೆಂದು ಹೇಳಿದೆ. ಅತ್ತೆ ನನ್ನ ಕಡೆ ನೋಡಿದ ನೋಟದಲ್ಲಿ ನಮ್ಮ ಇಡೀ ವಂಶದ ಮೇಲೆ ಕನಿಕರವಿತ್ತು.

ಇದರ ಪರಿಣಾಮ ಮೊದಲು ಆದದ್ದು ಕರೆಂಟಿನ ಮೇಲೆ. ಅಂದರೆ, ಕರೆಂಟು ಮೊದಲೂ ಹೋಗುತ್ತಿತ್ತು, ಈಗಲೂ ಹೋಗುತ್ತದೆ. ಆದರೆ ಈಗ ಹೋದ ಕೂಡಲೇ ಪಕ್ಕದ ಮನೆಯಾಕೆ ಕಂಪೌಂಡಿನಾಚೆಯಿಂದ, "ಅತ್ತಿಗೇ, ನಿಂಗಳ ಸೂರ್ಯನ ಗಾಳಿಗಾ?" ಎಂದು ಕೂಗುತ್ತಾಳೆ. "ಸೂರ್ಯನದ್ದಲ್ಲ, ಟ್ರಾನ್ಸ್‌ಫಾರ್ಮರಿಂದು" ಎಂದು ಅತ್ತೆ ಉತ್ತರ ಕೊಟ್ಟರೂ ಯಾರೂ ನಂಬುವುದಿಲ್ಲ. ಉತ್ತರ ದೇಶಗಳಲ್ಲಿ ಆ ಗಾಳಿ ಜೋರಾಗಿ ಬಂದರೆ ಆಕಾಶದ ತುಂಬ ಹಸಿರು ಬೆಳಕು ಕುಣಿಯುತ್ತದಂತೆ. ನಮ್ಮ ಪಾಲಿಗೆ ಇದ್ದ ಬೆಳಕೂ ಹೋಯಿತು ಎಂದು ಬೀದಿಯವರ ದೂರು!

ಶಿರಸಿಯ ಒಂದು ಮದುವೆಯಲ್ಲಿ ಇದು ನನ್ನ ಹೊಟ್ಟೆಗೇ ಬಂತು. ಧಾರೆ ಮುಗಿದಿತ್ತು. ಭೋಜನಶಾಲೆಯ ಬಾಗಿಲಿಗೆ ಅಡ್ಡಲಾಗಿ ಬಡಿಸುವವರ ಧಡೂತಿ ಮೇಸ್ತ್ರಿ ಒಬ್ಬರು ನಿಂತಿದ್ದರು. ಎಲೆ ಹಾಕಿ ಮುಗಿಯುವವರೆಗೆ ಬಿಡುವುದಿಲ್ಲ ಎಂದು ಅವರ ಹಟ. ಮಹಡಿಯಿಂದ ಜನ ದಬದಬ ಇಳಿದು ಬರುತ್ತಿದ್ದರು. ನಾನೂ ಆಯಕಟ್ಟಿನ ಜಾಗ ನೋಡಿಕೊಂಡು ನುಗ್ಗುವುದರಲ್ಲಿದ್ದೆ. ಅತ್ತೆ ನನ್ನ ಅಂಗಿ ಹಿಡಿದು ಎಳೆದಳು.

"ನೋಡು ತಮಾ, ನೋಡು! ಅಷ್ಟು ಜೋರು ಬಂದವು ಮೇಸ್ತ್ರಿಗೆ ಹೋಗಿ ಡಿಕ್ಕಿ ಹೊಡೆದ್ವಾ? ಇಲ್ಲೆ. ಎರಡು ಮಾರು ಈಚೆಗೇ ಒಮ್ಮೆಲೇ ನಿಧಾನ ಆಗಿ, ದಟ್ಟ ಆಗಿ, ಬಿಸಿ ಆಗೋದ್ವು! ಭೂಮಿ ಎದುರಿಗೆ ಆಗ್ತಾ ಇಪ್ಪದೂ ಇದೇ. ಆಘಾತ ತರಂಗ ಹೇಳಿದ್ರೆ ಇದೇಯ!"

"ಗೊತ್ತಾತು ಅತ್ತೆ, ಈಗ ಹೋಪನ."

"ನಿಲ್ಲು. ಕೆಲವು ಜನ ವಾಪಸು ತಿರುಗಿ ಬರ್ತಾ ಇದ್ದ ನೋಡು. ಕಣವೂ ಹಾಂಗೇ, ಬಡಿದು ವಾಪಸು ಬತ್ತು. ಹಿಂದೆ ಬರುವವಕ್ಕೆ ಅವರಿಂದ್ಲೇ ಸುದ್ದಿ ಮುಟ್ತು."

ವಾಪಸು ಬರುತ್ತಿದ್ದವರು ತಂದ ಸುದ್ದಿ ಏನೆಂದರೆ, ಮೊದಲ ಪಂಕ್ತಿ ಭರ್ತಿ. ಅತ್ತೆ ಉಳಿದದ್ದನ್ನು ವಿವರಿಸುವಷ್ಟರಲ್ಲಿ ಎರಡನೆಯದೂ ಭರ್ತಿ. ಮೂರನೇ ಪಂಕ್ತಿಯಲ್ಲಿ ನಮಗೆ ಪ್ಲಾಸ್ಮಾ ತಿಳಿದಿತ್ತು, ಪಾಯಸ ಮುಗಿದಿತ್ತು.

ಆ ಸಿಟ್ಟಿಗೋ ಏನೋ, ಮರುದಿನ ಬೆಳಿಗ್ಗೆ ವಜ್ರಳ್ಳಿಯಲ್ಲಿರುವ ಅಮ್ಮನಿಗೆ ಫೋನಿನಲ್ಲಿ, "ಅತ್ತೆ ಈಗೀಗ ಕಿವಿಗೆ ಎಂತದೋ ಹಾಕ್ಯಂಡು ಮೇಲಿಂದ ಬರ ಶಬ್ದ ಕೇಳ್ತಾ ಕುಂತಿರ್ತು" ಎಂದು ಆಡಿಕೊಂಡೆ. ಅಷ್ಟೇ ನಾನು ಹೇಳಿದ್ದು! ಸಂಜೆಯ ಹೊತ್ತಿಗೆ ಅದು ಸಿದ್ದಾಪುರ ಮುಟ್ಟುವಾಗ, "ಅತ್ತಿಗೆಗೆ ಮೇಲಿಂದ ಕರೆ ಬೈಂದಡ" ಎಂದಾಗಿತ್ತು. ಎರಡು ದಿನ ನೆಂಟರಿಷ್ಟರು ಬಾಳೆಹಣ್ಣು, ಎಳನೀರು ಹಿಡಿದುಕೊಂಡು ಕಡೆಯ ಸಲ ನೋಡಿ ಹೋಗಲು ಬಂದರು. ಬಂದವರಿಗೆಲ್ಲ ಅತ್ತೆಯೇ ಬಾಗಿಲು ತೆರೆದಳು. ಬೇರೆ ಯಾರಾದರೂ ಆಗಿದ್ದರೆ ಅತ್ತು ಕರೆದು ರಂಪ ಮಾಡುತ್ತಿದ್ದರು. ಅತ್ತೆ ಪ್ರತಿಯೊಬ್ಬರಿಗೂ ಚಹಾ ಕೊಟ್ಟು, "ಇದು ನಿಂಗಕ್ಕೆ ಯಾವ ಊರಲ್ಲಿ, ಎಷ್ಟು ಗಂಟೆಗೆ ಗೊತ್ತಾತು?" ಎಂದು ಕೇಳಿ ಕ್ಯಾಲೆಂಡರಿನ ಹಿಂದೆ ಬರೆದುಕೊಂಡಳು.

ಮೂರನೇ ದಿನ ನನಗೆ ಫೋನು ಬಂತು.

"ತಮಾ, ಆಕಾಶಕ್ಕೆ ಒಂದೇ ನೌಕೆ ಕಳಿಸಿದ್ರೆ ಅಲೆ ಬಂತು ಹೇಳಿ ಗೊತ್ತಾಗ್ತು, ಯಾವ ಕಡೆಯಿಂದ ಬಂತು ಹೇಳಿ ಗೊತ್ತಾಗ್ತಿಲ್ಲೆ. ಅದಕ್ಕೇ ನಾಲ್ಕು ನೌಕೆ ಒಟ್ಟಿಗೆ ಕಳಿಸ್ತ. ಯಾವುದಕ್ಕೆ ಮೊದಲು ತಾಗಿತು, ಯಾವುದಕ್ಕೆ ಕಡೆಗೆ ತಾಗಿತು ನೋಡಿದ್ರೆ ಮುಗತ್ತು."

"ಹೌದಾ ಅತ್ತೆ? ಭಾರೀ ಚೊಲೋ ಇದ್ದು."

"ಯಲ್ಲಾಪುರದವಕ್ಕೆ ಬೆಳಿಗ್ಗೆ ಹತ್ತಕ್ಕೇ ಗೊತ್ತಾಯ್ದು. ಶಿರಸಿ ಪೇಟೆಗೆ ಹನ್ನೆರಡಕ್ಕೆ. ವಾನಳ್ಳಿಗೆ ಮೂರಕ್ಕೆ. ಯನ್ನ ಬೀದಿಗೆ ಆರಕ್ಕೆ. ಅಂದ್ರೆ ಅಲೆ ಹೊರಟದ್ದು ವಜ್ರಳ್ಳಿ ಬದಿಯಿಂದ. ವಜ್ರಳ್ಳಿಲಿ ಇಪ್ಪದು ನಿನ್ನ ಅಮ್ಮ. ಅಮ್ಮಂಗೆ ಹೇಳಿದ್ದು ಯಾರು?"

"ಅತ್ತೆ... ಹಲೋ... ಲೈನು ಸರಿ ಇಲ್ಲೆ... ಕೇಳ್ತಿಲ್ಲೆ..." ಎಂದು ಫೋನು ಇಟ್ಟೆ. ಮೂವತ್ತೈದು ವರ್ಷ ಲೈನು ಜೋಡಿಸಿದವಳಿಗೇ ಲೈನು ಸರಿಯಿಲ್ಲವೆಂದು ಸುಳ್ಳು ಹೇಳಿದ ಮಹಾಶಯ ನಾನೊಬ್ಬನೇ ಇರಬೇಕು!

ಹೀಗೆ ನಡೆದಿತ್ತು ನಮ್ಮ ಅತ್ತೆಯ ಬಾಹ್ಯಾಕಾಶ ಸಂಸಾರ. ಹೋದ ವರ್ಷ ಒಂದು ತಕರಾರು ಶುರುವಾಯಿತು. ಒಂದೇ ಧ್ವನಿಯನ್ನು ಬೇರೆ ಬೇರೆ ದೇಶದ ಹಲವರು ಕೇಳಿ ಗುರುತು ಹಾಕುತ್ತಾರೆ. ಆಮೇಲೆ ಎಲ್ಲರ ಗುರುತೂ ಎಲ್ಲರಿಗೂ ಕಾಣುತ್ತದೆ. ಕೆಲವು ಕಡೆ ಉಳಿದವರೆಲ್ಲ ತೀರಾ ಸಣ್ಣ, ಎತ್ತರದ ದನಿಯೊಂದಕ್ಕೆ ಗುರುತು ಹಾಕಿದ್ದಾರೆ. ಅತ್ತೆಯ ಜಾಗ ಖಾಲಿ.

"ಇಲ್ಲದ್ದೆಲ್ಲ ಕೇಳ್ತು ಇವಕ್ಕೆ" ಎಂದಳು ಅತ್ತೆ. ಮುಂದಿನ ವಾರವೂ ಹಾಗೇ ಆಯಿತು. ಹೆಡ್‌ಫೋನು ಕೆಟ್ಟಿದೆ ಎಂದಳು. ಮಾವ ಶಿರಸಿಗೆ ಬಂದು ಹೊಸದು ಕೊಂಡುಹೋದರು. ಅದೂ ಕೆಟ್ಟದ್ದೇ ಬಂದಿದೆ ಎಂದಳು. ಸೂರ್ಯನ ಮೇಲೂ ಒಂದೆರಡು ಸಲ ಅಪವಾದ ಹೊರಿಸಿದಳು. ಕೊನೆಗೆ ಮಾವ ನನ್ನನ್ನು ಕರೆಸಿದರು. ಮೂವರೂ ಹುಬ್ಬಳ್ಳಿಗೆ ಕಿವಿ ತೋರಿಸಲು ಹೋದೆವು.

ಅಲ್ಲಿ ಗಾಜಿನ ಕಿಟಕಿಯಿದ್ದ ಪುಟ್ಟ ಕೋಣೆಯೊಳಗೆ ಅತ್ತೆಯನ್ನು ಕೂರಿಸಿದರು. ಪರೀಕ್ಷೆ ಮಾಡುವವರು ಒಳ್ಳೆಯ ಮನುಷ್ಯ.

"ಕೂಡ್ರಿ ಅಮ್ಮಾರ. ಸಪ್ಪಳ ಕೇಳಿದ ಕೂಡ್ಲೆ ಗುಂಡಿ ಒತ್ರಿ."

"ಸಣ್ಣದಿದ್ರೂ ಒತ್ತಬೇಕಾ?"

"ಎಷ್ಟ್ ಸಣ್ಣದಿದ್ರೂ ಒತ್ರಿ."

ಅತ್ತೆ ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡಳು. ದಪ್ಪ ದನಿಗಳಿಗೆಲ್ಲ ಟಕ್ ಟಕ್ ಎಂದು ಒತ್ತಿದಳು. ಅವರು ದನಿಯನ್ನು ಏರಿಸುತ್ತಾ ಹೋದರು. ಆಮೇಲೆ ಅವಳ ಹೆಬ್ಬೆರಳು ಆಡಲಿಲ್ಲ. ಗಾಜಿನಾಚೆ ಅವಳು ಕಣ್ಣರಳಿಸಿ, ತುಸು ನಗುತ್ತಾ, ಈಗ ಬಂತು ಈಗ ಬಂತು ಎಂದು ಕಾಯುತ್ತಲೇ ಇದ್ದಳು. ಈಚೆ ಯಂತ್ರದ ದೀಪ ಮಿನುಗುತ್ತಲೇ ಇತ್ತು. ನಾನು ಗೋಡೆಯ ಮೇಲಿನ ಕಿವಿಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ಹೊರಗೆ ಬಂದವಳೇ, "ಕಡೆಕಡೆಗೆ ಎಂತೂ ಹಾಕಲೇ ಇಲ್ಲ. ನಿಮ್ಮ ಮಶೀನು ಕೆಟ್ಟಿದೆಯೇನೋ ನೋಡಿ" ಎಂದಳು.

"ಮಶೀನ್ ಚಲೋ ಐತ್ರಿ ಅಮ್ಮಾ" ಎಂದರು ಅವರು, ಮೆಲ್ಲಗೆ.

ಮಾತು ಬದಲಿಸಲೆಂದೋ ಏನೋ, "ಯಜಮಾನ್ರನ್ನೂ ಒಮ್ಮೆ ಕೂಡ್ರಸೂಣಲ್ರಿ" ಎಂದರು. ಮಾವನ ಕಿವಿ ಮಂದವೆಂದು ನಮ್ಮ ಬಳಗಕ್ಕೆಲ್ಲ ಗೊತ್ತು. ಅತ್ತೆ ಒಂದು ಕೆಲಸವನ್ನು ನಾಲ್ಕು ಸಲ ಹೇಳಬೇಕು. ಪರೀಕ್ಷೆಯಾಯಿತು. ಮಾವನ ಕಿವಿ ಅವರ ವಯಸ್ಸಿನವರಲ್ಲಿ ಅಪರೂಪ ಎನ್ನುವಷ್ಟು ಚೊಕ್ಕವಾಗಿತ್ತು! ಕಡೆಯ ಅತಿಸಣ್ಣ ದನಿಗೂ ಗುಂಡಿ ಒತ್ತಿದ್ದರು.

"ಹಂಗಾದ್ರೆ ಇಷ್ಟು ವರ್ಷ ಆನು ಹೇಳಿದ್ದೆಲ್ಲ ನಿಂಗಕ್ಕೆ ಕೇಳ್ತಿತ್ತು?" ಎಂದಳು ಅತ್ತೆ.

ಮಾವ ತಲೆ ಮೇಲೆತ್ತಿ ಆಸ್ಪತ್ರೆಯ ಫ್ಯಾನು ಎಷ್ಟು ಜೋರಾಗಿ ತಿರುಗುತ್ತಿದೆಯೆಂದು ನೋಡಿದರು.

ಬಸ್ಸಿನಲ್ಲಿ ಅತ್ತೆ ಮಾವನ ಮೇಲೆ ಒಂದು ಗಂಟೆ ಹರಿಹಾಯ್ದಳು. ಮುಂಡಗೋಡು ದಾಟಿದ ಮೇಲೆ ಕಿಟಕಿಯ ಕಡೆ ತಿರುಗಿ ಕೂತಳು. ಕಿವಿಯ ಯಂತ್ರ ಕೊಂಡಾಗಿತ್ತು. ಅದರಿಂದ ಮನುಷ್ಯರ ಮಾತು ಚೆನ್ನಾಗಿ ಕೇಳುತ್ತದೆ. ಆದರೆ ಅದರ ಮೇಲೆ ಹೆಡ್‌ಫೋನು ಹಾಕಿದರೆ ಎರಡೂ ಸೇರಿ ಕಿರುಚುತ್ತವೆ. ಆ ಎತ್ತರದ ದನಿ ಮಾತ್ರ ಯಾವುದರಲ್ಲೂ ಸಿಗಲಿಲ್ಲ. ಅತ್ತೆ ಹೆಡ್‌ಫೋನನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಳು. ನಾನು ಫೋನು ಮಾಡಿ, "ಸೂರ್ಯ ಎಂತ ಹೇಳ್ತ ಅತ್ತೆ?" ಎಂದು ಚೇಷ್ಟೆ ಮಾಡಿದರೆ, "ಅಂವಂದು ಅಂವಂಗೆ" ಎಂದು ಇಟ್ಟುಬಿಟ್ಟಳು. ಅವಳಿಂದ ಬೈಗುಳ ತಿಂದು ಬೆಳೆದ ನನಗೆ ಆ ಎರಡೇ ಮಾತು ಬಹಳ ಭಾರವಾಯಿತು.

ತಿಂಗಳ ಮೇಲೆ ಒಂದು ಭಾನುವಾರ ಸಿದ್ದಾಪುರಕ್ಕೆ ಹೋದೆ. ಬಾಗಿಲು ತೆರೆದೇ ಇತ್ತು. ಒಳಗೆ ಕಂಪ್ಯೂಟರಿನ ಮುಂದೆ ಇಬ್ಬರೂ ಬೆನ್ನು ಮಾಡಿ ಕೂತಿದ್ದರು. ಹೆಡ್‌ಫೋನು ಮಾವನ ತಲೆಯ ಮೇಲಿತ್ತು. ಮೌಸು ಅತ್ತೆಯ ಕೈಯಲ್ಲಿ.

"ಸುರು ಆತಾ?"

"ತಡಿ... ಹ್ಞಾಂ. ಇಲ್ಲಿ."

ಅತ್ತೆ ಗುರುತು ಹಾಕಿದಳು. "ಏರ್ತಾ, ಇಳಿತಾ? ಹೇಂಗಿದ್ದು ಹೇಳಿ."

"ಹೇಳಲೆ ಬತ್ತಿಲ್ಲೆ ಮಾರಾಯ್ತಿ" ಎಂದರು ಮಾವ. ಆಮೇಲೆ ಗಂಟಲು ಸರಿಮಾಡಿಕೊಂಡರು. ಮಂಗಳಾರತಿಯ ಹೊತ್ತಿನಲ್ಲೂ ಬಾಯಿ ಬಿಡದ ಮನುಷ್ಯ. ಅವಳಿಗೆ ಕೇಳದ ಆ ಎತ್ತರದ ದನಿಯನ್ನು ತಗ್ಗಿಸಿಕೊಂಡು, ತಮ್ಮ ದಪ್ಪ ದನಿಯಲ್ಲಿ, ಅದು ಏರಿದ ಹಾಗೆ ಏರಿಸಿ ಬಾಗಿದ ಹಾಗೆ ಬಾಗಿಸಿ ಗುನುಗಿದರು. ಅತ್ತೆ ಕಣ್ಣು ಮುಚ್ಚಿ ಕೇಳಿದಳು.

"ಇನ್ನೊಂದು ಸಲ" ಎಂದಳು.

ಮಾವ ಮತ್ತೆ ಗುನುಗಿದರು. ನಾನು ಹೊಸ್ತಿಲಲ್ಲೇ ನಿಂತು ಪರದೆ ನೋಡಿದೆ. ಆಕಾಶದಿಂದ ಬಂದದ್ದು ಮುಗಿದು ಆಗಲೇ ನಿಂತುಹೋಗಿತ್ತು. ಮಾವ ಮಾತ್ರ ನಿಲ್ಲಿಸಿರಲಿಲ್ಲ.